ಒಂದೇ ಗುಂಡಿನ ಸದ್ದು

ಸೆಪ್ಟೆಂಬರಿನ ಬೇಟೆಯ ವಾರದಲ್ಲಿ ಕಾಡಿನಿಂದ ಎರಡು ಮೂರು ಗುಂಡಿನ ಸದ್ದು ಕೇಳಿದರೆ, ಯಾವನೋ ಗುರಿ ತಪ್ಪಿದ ಎಂದು ಉತ್ತರ ಸ್ವೀಡನ್ನಿನ ಆ ಊರಿನ ಹೆಂಗಸರು ನಗುತ್ತಿದ್ದರು. ಒಂದೇ ಒಂದು ಕೇಳಿದರೆ ಮಾತ್ರ ಪಾತ್ರೆ ತೊಳೆದಿಡುತ್ತಿದ್ದರು. ಎಲ್ಕ್ ಕಡವೆ ಬಿತ್ತೆಂದೇ ಲೆಕ್ಕ. ಮಾಂಸದ ಮೊದಲ ಪಾಲು ಗಂಡಸಿಲ್ಲದ ಮನೆಗೆ, ಅಂದರೆ ಟೆಕ್ಲಾ ಅಜ್ಜಿಗೆ. ಬೇಟೆಗಾರ ಏವರ್ಟನ ಬಂದೂಕಿನಿಂದ ಎರಡನೆಯ ಗುಂಡು ಹಾರಿದ್ದನ್ನು ಯಾರೂ ಕೇಳಿರಲಿಲ್ಲ.

ಅಂಥ ಏವರ್ಟ್ ಎರಡು ಚಳಿಗಾಲ ಕೆಲಸವಿಲ್ಲದೆ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡು ಕೂತಿದ್ದ. ಮರ ಕಡಿಯುವ ಯಂತ್ರ ಬಂದು ಊರಿಗೆ ಊರನ್ನೇ ಮನೆಯಲ್ಲಿ ಕೂರಿಸಿತ್ತು. ಉದ್ಯೋಗ ಕಚೇರಿಯ ಸಾಹೇಬ ಕಾರಿನಲ್ಲಿ ಬಂದ, ಕಾಫಿ ಕುಡಿದ, ಬನ್ನು ತಿಂದ, ಸ್ವೀಡನ್ನಿನ ಭೂಪಟ ಬಿಡಿಸಿದ.

"ನೋಡಿ, ದಕ್ಷಿಣದಲ್ಲಿ ಕೆಲ್ಸಕ್ಕೆ ಜನ ಸಾಲ್ತಿಲ್ಲ, ನಿಮ್ಮಲ್ಲಿ ಜನಕ್ಕೆ ಕೆಲ್ಸ ಸಾಲ್ತಿಲ್ಲ. ಲಾರಿ ಖರ್ಚು ಸರ್ಕಾರದ್ದು. ಇನ್ನೇನ್ರಿ ಬೇಕು?"

ಇಲ್ಲಿಂದ ಅಲ್ಲಿಗೆ ಸುರಿದರೆ ಆಯಿತಂತೆ! ಮನುಷ್ಯರೇನು ಆಲೂಗಡ್ಡೆಯೇ?

ಆದರೂ ಹೋಗೋಣ ಎಂದವಳು ಏವರ್ಟನ ಹೆಂಡತಿ ಗುನ್ವೊರ್. ಕಣ್ಣೆದುರಿಗೇ ಗಂಡ ಒಣಗಿಹೋಗುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಅವನು ಬಿಲ್‌ಕುಲ್ ಒಪ್ಪಲಿಲ್ಲ. ಕಾರಣ ಒಂದೇ, ಬೇಟೆನಾಯಿ ಮುರ್ರೆ. ದಕ್ಷಿಣದ ವೆಸ್ಟೆರೋಸ್ ಪಟ್ಟಣದ ಕಾರ್ಖಾನೆಯವರು ಕೊಡುವ ಮೂರನೇ ಮಹಡಿಯ ಮನೆಯಲ್ಲಿ ನಾಯಿ ಸಾಕುವಂತಿಲ್ಲ.

ಕೊನೆಗೆ ಅವಳೇ ದಾರಿ ಹುಡುಕಿದಳು. "ಮುರ್ರೆ ಹಾಲ್ವಾರನ ಹತ್ರ ಇರ್ಲಿ. ವರ್ಷಾ ವರ್ಷಾ ಬೇಟೆಗೆ ನೀನು ಬಾ. ನಾನು ಮಾತು ಕೊಡ್ತೀನಿ, ಒಂದು ವರ್ಷಾನೂ ತಪ್ಪಿಸಲ್ಲ."

ಹಾಲ್ವಾರ್ ಪಕ್ಕದ ಮನೆಯವನು. ಹದಿನೈದು ವರ್ಷ ಏವರ್ಟನ ಜೊತೆ ಒಂದೇ ಗರಗಸದ ಎರಡು ತುದಿ ಹಿಡಿದವನು. ಮುರ್ರೆ ತಿನ್ನುತ್ತಿದ್ದದ್ದು ಈ ಇಬ್ಬರ ಕೈಯಿಂದ ಮಾತ್ರ, ಬೇರೆಯವರು ಹತ್ತಿರ ಬಂದರೆ ಕಚ್ಚುತ್ತಿತ್ತು. ಹಾಲ್ವಾರ್ ಹೂಂ ಅಂದ. ಆ ಹೂಂ ಕೇಳಿಯೇ ಏವರ್ಟ್ ಸಹಿ ಹಾಕಿದ.

ಲಾರಿ ಬಂದದ್ದು ಬೇಟೆಯ ವಾರದಲ್ಲೇ. ಕಾರ್ಖಾನೆಗೆ ಕಡವೆಯ ಗೊಡವೆ ಏನು? ಹಾಲ್ವಾರ್ ಬೀರು ಎತ್ತಲು ಕೈ ಕೊಟ್ಟ, ಮಂಚ ಏರಿಸಿದ, ಆದರೆ ಅಂದು ಅವನ ಬಾಯಲ್ಲಿ ಒಂದು ತಮಾಷೆಯೂ ಇಲ್ಲ. ಏವರ್ಟ್ ನಾಯಿಯ ಹಗ್ಗವನ್ನು ಅವನ ಕಡೆ ಚಾಚಿದ. ಹಾಲ್ವಾರ್ ಕೈ ಮುಂದೆ ಮಾಡಲಿಲ್ಲ.

"ನಾನೂ ಸಹಿ ಹಾಕ್ಬಿಟ್ಟೆ ಕಣೋ. ಸೋಮವಾರ ಹೊರಡ್ತೀನಿ."

"ಏನಂದೆ?"

"ಒಂದು ವಾರದಿಂದ ಹೇಳ್ಬೇಕು ಅಂತಿದ್ದೆ. ಬಾಯೇ ಬರ್ಲಿಲ್ಲ."

"ನೀನು ಇರ್ತೀಯ ಅಂತ ತಾನೇ ನಾನು ಹೊರಟಿದ್ದು!"

"ನೀನು ಹೊರಟೆ ಅಂತ ತಾನೇ ಮಾರಾಯ ನಾನು ಹೊರಟಿದ್ದು! ನೀನಿಲ್ದೆ ಇಲ್ಲಿ ಯಾರ ಮುಖ ನೋಡ್ಕೊಂಡು ಕೂರ್ಲಿ?"

ಗುನ್ವೊರ್ ಊರಿನ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದಳು. ಯಾರಿದ್ದಾರೆ ಇನ್ನು? ಬೇಟೆಗಾರರೆಲ್ಲ ಒಬ್ಬೊಬ್ಬರಾಗಿ ಊರು ಬಿಟ್ಟು ಹೋಗಿ ಆಗಿತ್ತು. ಟೆಕ್ಲಾ ಅಜ್ಜಿಗೆ ಇಂಥ ಕಚ್ಚುವ ನಾಯಿಯನ್ನು ಹಿಡಿಯುವ ಶಕ್ತಿ ಇಲ್ಲ. ಬಿಟ್ಟು ಹೋದರೆ ನಾಯಿ ಖಾಲಿ ಮನೆಯ ಬಾಗಿಲಲ್ಲಿ ಹಸಿದು ಸಾಯುತ್ತದೆ. ಲಾರಿಯವನು ಹಾರ್ನ್ ಹೊಡೆದ.

"ಬೇಡ, ಏವರ್ಟ್. ಹೋಗೋದೇ ಬೇಡ. ಸಾಮಾನು ಇಳಿಸೋಣ," ಎಂದಳು.

"ಇಳಿಸಿ? ಮತ್ತೆ ಕಿಟಕಿ ಹತ್ರ ಕೂರ್ಲಾ?"

ಅವನು ಲಾರಿಯ ಮುಂದಿನ ಸೀಟಿನಿಂದ ಬಂದೂಕು ತೆಗೆದ. ಬಂದೂಕು ಕಂಡದ್ದೇ ತಡ, ಮುರ್ರೆಗೆ ಎಲ್ಲಿಲ್ಲದ ಹಿಗ್ಗು. ಕುಣಿಯಿತು, ಅವನ ಬೂಟು ನೆಕ್ಕಿತು, ಬೇಗ ಬಾ ಎಂಬಂತೆ ಹಿಂದೆ ತಿರುಗಿ ತಿರುಗಿ ನೋಡುತ್ತ ತಾನೇ ಮುಂದಾಗಿ ಕಾಡಿನ ದಾರಿ ಹಿಡಿಯಿತು. ಹಾಲ್ವಾರ್ ಗೋಡೆಯ ಕಡೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಗುನ್ವೊರ್ ಎರಡೂ ಕಿವಿ ಮುಚ್ಚಿಕೊಂಡಳು. ಆದರೂ ಕೇಳಿತು. ಒಂದೇ ಸದ್ದು.

ಏವರ್ಟ್ ಬರಿ ಹಗ್ಗ ಹಿಡಿದು ಬಂದು ಲಾರಿ ಹತ್ತಿದ. ಹಾಲ್ವಾರನ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ.

ಊರು ದಾಟುವ ತಿರುವಿನಲ್ಲಿ ಟೆಕ್ಲಾ ಅಜ್ಜಿ ರಸ್ತೆಗೇ ಬಂದು ನಿಂತಿದ್ದಳು. ತಲೆಗೆ ಚರ್ಚಿಗೆ ಹೋಗುವಾಗಿನ ವಸ್ತ್ರ, ಕೈಯಲ್ಲಿ ತೊಳೆದು ಒರೆಸಿದ ಬೋಗುಣಿ. ಮುಖದ ತುಂಬ ನಗು. ಅಯ್ಯೋ ದೇವರೇ, ಸದ್ದು ಅವಳಿಗೂ ಕೇಳಿದೆ! ಲಾರಿ ನಿಂತಿತು.

"ಹೊರಡೋ ದಿನಾನೂ ಬಿಡ್ಲಿಲ್ವಲ್ಲೋ ನೀನು! ಎಲ್ಲೋ ನನ್ನ ಪಾಲು?"

ಏವರ್ಟ್ ಕಿಟಕಿಯ ಗಾಜು ಇಳಿಸಿದ. "ಗುರಿ ತಪ್ತು ಅಜ್ಜಿ."

"ನಿಂಗಾ? ತಪ್ತಾ? ಹೋಗೋ ಸುಳ್ಳುಬುರುಕ!" ಎಂದು ಅಜ್ಜಿ ಅವನ ಮುಖ ನೋಡಿದಳು. ಮತ್ತೆ ಬೋಗುಣಿಯನ್ನು ಮೆಲ್ಲಗೆ ಕಂಕುಳಿಗೆ ಸರಿಸಿಕೊಂಡಳು. "ಹೋಗ್ಲಿ ಬಿಡು ಮಗನೇ. ಊರು ಬಿಡೋ ದಿನ ಯಾರಿಗೆ ತಾನೇ ಕೈ ನಡುಗಲ್ಲ? ಮುಂದಿನ ವರ್ಷ ಬರ್ತೀಯಲ್ಲ, ಮುರ್ರೆ ಹೆಂಗೂ ಇಲ್ಲೇ ಇರ್ತಾನೆ."

ಗುನ್ವೊರ್ ಗಂಡನ ತೊಡೆಯ ಮೇಲಿದ್ದ ಹಗ್ಗವನ್ನು ಅಜ್ಜಿಗೆ ಕಾಣದಂತೆ ಕೋಟಿನೊಳಗೆ ಸೇರಿಸಿದಳು.

"ಹೂಂ ಅಜ್ಜಿ," ಎಂದ ಏವರ್ಟ್. "ಇಲ್ಲೇ ಇರ್ತಾನೆ."