ಇನ್ನೊಂದ್ಸಲ ಹೇಳಿ

ಬೆನ್ನಿನ ಆಪರೇಷನ್ ಆಗಿ ವಾರ್ಡಿಗೆ ಬಂದಿದ್ದ ಮುದುಕರೊಬ್ಬರಿಗೆ ಬರುತ್ತಿದ್ದುದು ಇಂಗ್ಲಿಷ್ ಒಂದೇ. ಬೆಳಿಗ್ಗೆ ಹಾಸಿಗೆ ಸರಿಮಾಡಲು ಹೋದ ಆಯಾಳ ಮಣಿಕಟ್ಟು ಹಿಡಿದು ಅವರು ಏನೋ ಹೇಳಿದರು. ಅವಳು ನಕ್ಕು, "ಯೆಸ್, ಯೆಸ್" ಅಂದು ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದಳು. ಅವರು ಮತ್ತೆ ಅದನ್ನೇ ಹೇಳಿದರು, ಈ ಸಲ ಇನ್ನೂ ಮೆಲ್ಲಗೆ. "ಯೆಸ್ ಸರ್" ಅಂದು ಕೈ ಬಿಡಿಸಿಕೊಂಡು ಪಕ್ಕದ ಮಂಚಕ್ಕೆ ಹೋದಳು.

ಆಮೇಲೆ ನರ್ಸ್ ಬಂದು ಹೊದಿಕೆ ತೆಗೆದಾಗ ಹಾಸಿಗೆಯೆಲ್ಲ ರಕ್ತ. ಹೊಲಿಗೆ ಬಿಟ್ಟುಕೊಂಡಿತ್ತು. ಮಂಚದ ಸಮೇತ ಅವರನ್ನು ತಳ್ಳಿಕೊಂಡು ಓಡಿದರು. ಸಂಜೆ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲ ಅಂತ ಸುದ್ದಿ ಬಂತು. ಅಲ್ಲಿಯವರೆಗೆ ಆಯಾ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ.

ಮೇಟ್ರನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರು ನಿಮಗೆ ಹೇಳಿದ್ರಂತೆ."

"ಹೌದು ಮೇಡಂ."

"ನೀವು ಯೆಸ್ ಅಂದ್ರಂತೆ."

ಆಯಾ ತಲೆ ತಗ್ಗಿಸಿದಳು. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಪ್ರೀತಿಯಿಂದ ಯೆಸ್ಸಮ್ಮ ಅಂತಲೇ ಕರೆಯುತ್ತಿದ್ದರು. ಇಷ್ಟು ವರ್ಷ ಅದನ್ನು ಕೇಳಿ ಅವಳೂ ನಗುತ್ತಿದ್ದಳು.

"ಇಲ್ಲಿಗೆ ಈಗ ಎಲ್ಲೆಲ್ಲಿಂದಲೋ ರೋಗಿಗಳು ಬರ್ತಾರೆ. ಈ ತಿಂಗಳು ನೋಡ್ತೀನಿ. ಎಲ್ಲಾದ್ರೂ ಸೇರಿ ಒಂದಿಷ್ಟು ಇಂಗ್ಲಿಷ್ ಕಲೀರಿ. ಆಗ್ಲಿಲ್ಲ ಅಂದ್ರೆ ಕೆಳಗೆ ಲಾಂಡ್ರಿಗೆ ಹಾಕಿಬಿಡ್ತೀನಿ. ಬಟ್ಟೆಗಳಿಗೆ ಭಾಷೆ ಬೇಕಿಲ್ಲ."

ಮನೆಯಲ್ಲಿ ಗಂಡ ಪೂರ್ತಿ ಕೇಳಿಸಿಕೊಂಡ. ಅವನು ಬಡಗಿ; ಮಾತು ಶುರುಮಾಡುವ ಮುಂಚೆ ಹೆಬ್ಬೆರಳಿಂದ ಮೇಜಿನ ಅಂಚು ಸವರುವುದು ಅವನ ಅಭ್ಯಾಸ.

"ಲಾಂಡ್ರಿಗೇ ಹೋಗಿಬಿಡೇ. ಇವತ್ತು ಆ ಮನುಷ್ಯ ಉಳಕೊಂಡ. ನಾಳೆ ಇನ್ನೊಬ್ರಿಗೆ ಏನಾದ್ರೂ ಆದ್ರೆ? ನಿನ್ನ ಹಿಡ್ಕೊಂಡು ಹೋದ್ರೆ ನಾನೇನು ಮಾಡ್ಲಿ?"

"ರೀ, ಆ ಕೆಲಸ ಬಿಟ್ಟು ನಂಗೆ ಬೇರೆ ಏನು ಬರುತ್ತೆ? ಕಾಯಿಲೆಯವರ ಜೊತೆ ಇರೋದೊಂದೇ ನಂಗೆ ಬರೋದು."

"ಅದೂ ಬರಲ್ಲ ಅಂತ ಇವತ್ತು ಗೊತ್ತಾಯ್ತಲ್ಲ" ಅಂದ ಅವನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಪಾತ್ರೆ ತೊಳೆಯಲು ಎದ್ದಳು.

ಮಗಳು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಸೇಬು ಮೇಜಿನ ಮೇಲಿದೆ, ಬೆಕ್ಕು ಮೇಜಿನ ಕೆಳಗಿದೆ ಅಂತ ಅದು ಹೇಳಿಕೊಡುತ್ತಿತ್ತು. ಏನು ಒತ್ತಿದರೂ ಗಂಟೆ ಬಾರಿಸಿ ಭೇಷ್ ಅನ್ನುತ್ತಿತ್ತು.

"ನಾನೇನು ಸೇಬು ಮಾರೋಕೆ ಹೊರಟಿದ್ದೀನೇನೇ?"

"ಅಮ್ಮಾ, ಎಲ್ಲರೂ ಹಿಂಗೇ ಶುರುಮಾಡೋದು."

"ಮಾಡ್ಲಿ. ಅವರ ಕೈ ಹಿಡ್ಕೊಂಡು ಯಾರೂ ಸಾಯ್ತಿರಲ್ಲ."

ಮಗಳ ಮುಖದಲ್ಲಿದ್ದ ನಗು ಹಾಗೇ ಇಂಗಿಹೋಯಿತು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ದೊಡ್ಡದೊಂದು ಇನ್‌ಸ್ಟಿಟ್ಯೂಟ್ ಇತ್ತು. ಗಾಜಿನ ಬಾಗಿಲು, ತಣ್ಣಗಿನ ಗಾಳಿ, ಗೋಡೆ ತುಂಬ ನಗುವವರ ಫೋಟೋ. ಅವಳನ್ನು ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ನಡುವೆ ಕೂರಿಸಿದರು. ಟೈ ಕಟ್ಟಿದ ಮೇಷ್ಟರು ಅವಳನ್ನೇ ಮೊದಲು ಎದುರಿಗೆ ಕರೆದು, ನಿಮ್ಮ ಪರಿಚಯ ಮಾಡಿಕೊಳ್ಳಿ ಅಂದರು. ಹೆಸರು ಹೇಳಿದಳು. ಮುಂದಕ್ಕೆ ಹೇಳಲು ಇಂಗ್ಲಿಷ್ ಬರಲಿಲ್ಲ. ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತು. ಯಾರೂ ನಗಲಿಲ್ಲ, ಪಾಪ ಅಂತ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವಳಿಗೆ ಕೆನ್ನೆಗೆ ಹೊಡೆದ ಹಾಗಿತ್ತು. ಆಮೇಲೆ ನಿಮ್ಮ ನೆಚ್ಚಿನ ಪ್ರವಾಸದ ಬಗ್ಗೆ ಒಂದು ಪುಟ ಬರೆದು ತನ್ನಿ ಅಂದರು. ಮರುದಿನ ಅವಳು ಆ ಮೆಟ್ಟಿಲು ಹತ್ತಲಿಲ್ಲ.

ಇನ್ನೊಂದು ಕಡೆ ಮದುವೆಮನೆಯಷ್ಟು ಜನ. ಮೈಕು ಹಿಡಿದವನು ಒಂದೊಂದು ವಾಕ್ಯ ಕೂಗಿದ ಹಾಗೆ ಇಡೀ ಸಭೆ ಅದನ್ನೇ ಕೂಗುತ್ತಿತ್ತು. ಅವಳೂ ಕೂಗಿದಳು. ಮನೆಗೆ ಬರುವಾಗ ಗಂಟಲು ಬಿದ್ದುಹೋಗಿತ್ತು, ತಲೆಯಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ತಿಂಗಳು ಓಡುತ್ತಿತ್ತು. ವಾರ್ಡಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಕರೆದರೆ ಬಾತ್‌ರೂಮ್ ತೊಳೆಯುವ ನೆಪ ಮಾಡಿ ಒಳಗೆ ನಿಂತುಬಿಡುತ್ತಿದ್ದಳು. ಲಾಂಡ್ರಿಯ ಹೆಂಗಸೊಬ್ಬಳು ಲಿಫ್ಟಿನಲ್ಲಿ ಸಿಕ್ಕಿ, "ನಮ್ಮ ಕಡೆ ಬರ್ತೀರಂತಲ್ಲ" ಅಂದಾಗ ತನ್ನ ಮಹಡಿ ಬರುವ ಮುಂಚೆಯೇ ಇಳಿದುಬಿಟ್ಟಳು.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ದೊಡ್ಡವರಿಗೆ ಹೇಳಿಕೊಡುತ್ತಾರೆ ಅಂದದ್ದು ಆಸ್ಪತ್ರೆಯ ಅಡಿಗೆಯವನು. ಅವನೂ ಅಲ್ಲಿಗೇ ಹೋಗುತ್ತಿದ್ದ. ಹೇಳಿಕೊಡುತ್ತಿದ್ದವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರಾದ ಹೆಂಗಸು. ಕುಳ್ಳಗೆ, ದಪ್ಪ ಕನ್ನಡಕ, ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವವರು.

"ನಿಮಗೆ ಇಂಗ್ಲಿಷ್ ಯಾಕೆ ಬೇಕು?" ಅಂತ ಕೇಳಿದರು.

ಇಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಆಯಾ ಹೊದಿಕೆಯ ವಿಷಯ, ರಕ್ತದ ವಿಷಯ, ಎರಡು ಸಲ ಯೆಸ್ ಅಂದ ವಿಷಯ, ಎಲ್ಲ ಹೇಳಿದಳು. ಟೀಚರಮ್ಮ ನಡುವೆ ಬಾಯಿ ಹಾಕಲಿಲ್ಲ.

"ಹಾಗಾದ್ರೆ ನಿಮಗೆ ಮಾತಾಡೋಕೆ ಬರ್ಬೇಕಾಗಿಲ್ಲ, ಕೇಳೋಕೆ ಬರ್ಬೇಕು. ಮೊದಲು ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಬಾಯಿ ನೋಡಿ ಊಹೆ ಮಾಡಬಾರದು."

ಆ ಕ್ಲಾಸಿನ ರೀತಿಯೇ ಬೇರೆ. ಟೀಚರಮ್ಮ ಬಾಯಿಗೆ ಟವೆಲ್ ಒತ್ತಿಕೊಂಡು, ಮುಲುಗುತ್ತಾ, ಅರ್ಧ ನುಂಗುತ್ತಾ ಮಾತಾಡುತ್ತಿದ್ದರು. ಯಾರಾದರೂ ಸುಮ್ಮನೆ ತಲೆ ಆಡಿಸಿದರೆ ಮುಗೀತು: "ನಾನೇನಂದೆ, ಹೇಳಿ ನೋಡೋಣ?" ಅಡಿಗೆಯವನು ಎಷ್ಟು ಸಲ ಸಿಕ್ಕಿಬಿದ್ದನೋ ಲೆಕ್ಕವಿಲ್ಲ. ಮೊದಲ ವಾರವೆಲ್ಲ ಕಲಿಸಿದ್ದು ಒಂದೇ ಮಾತು. ಸಾರಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್, ಸೇ ಅಗೇನ್, ಸ್ಲೋಲಿ. ಇಷ್ಟೇ ತಾನೆ ಅಂದುಕೊಂಡಿದ್ದಳು ಆಯಾ. ಆದರೆ ಬಾಯಿ ತೆರೆದರೆ ಯೆಸ್ಸೇ ಮೊದಲು ಹಾರುತ್ತಿತ್ತು.

"ಅರ್ಥ ಆಗ್ಲಿಲ್ಲ ಅನ್ನೋಕೆ ನಿಮಗೆ ಯಾಕಿಷ್ಟು ಕಷ್ಟ?"

"ದಡ್ಡಿ ಅಂದ್ಕೋತಾರೆ ಮೇಡಂ."

"ಅಂದ್ಕೊಳ್ಳಲಿ ಬಿಡಿ. ನಂಗೆ ದಿನಾ ಎಷ್ಟು ಜನ ಬೈತಿದ್ರು ಗೊತ್ತಾ? ಲೈನಿನಲ್ಲಿ ಬರೀ ಗೊರಗೊರ. ಬೈದ್ರೂ ಸರಿ, ನಂಬರ್ ಇನ್ನೊಂದ್ಸಲ ಹೇಳಿ ಅಂತಿದ್ದೆ. ತಪ್ಪು ಮನೆಗೆ ಸಾವಿನ ಸುದ್ದಿ ಕಳಿಸೋಕಾಗುತ್ತಾ?"

ಅವತ್ತು ಆಯಾ ಮನೆಗೆ ಬಂದು ಗೋಡೆ ಕಡೆ ತಿರುಗಿ ಕೂತು, ಓದು ಅಂತ ಮಗಳಿಗೆ ಇಂಗ್ಲಿಷ್ ಪತ್ರಿಕೆ ಕೊಟ್ಟಳು. ಪ್ರತಿ ಸಾಲಿಗೂ ಇನ್ನೊಂದ್ಸಲ, ಇನ್ನೊಂದ್ಸಲ ಅಂದಳು. ಮಗಳು ಗೊಣಗುತ್ತಾ ಓದಿದಳು. ಗಂಡ ಆಚೆ ಕೋಣೆಯಲ್ಲಿ ರೇಡಿಯೋ ಸದ್ದು ತಗ್ಗಿಸಿದ.

ತಿಂಗಳ ಕೊನೆಯ ವಾರ, ಮಧ್ಯಾಹ್ನ. ಬಾಗಿಲ ಪಕ್ಕದ ಮಂಚದಲ್ಲಿ ಕಾಲಿಗೆ ಹೊಸದಾಗಿ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸು. ಬೆಳಿಗ್ಗೆಯಿಂದ ಎಲ್ಲರ ಮೇಲೂ ಸಿಡುಕುತ್ತಿದ್ದಳು. ಆಯಾ ನೀರಿನ ಜಗ್ಗು ಇಡುವಾಗ ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಬೇಗ ಬೇಗ.

ಯೆಸ್ ನಾಲಿಗೆ ತುದಿಗೆ ಬಂದಿತ್ತು. ಆಯಾ ಅದನ್ನು ನುಂಗಿದಳು.

"ಸಾರಿ. ಸೇ ಅಗೇನ್. ಸ್ಲೋಲಿ."

ಹೆಂಗಸು ಕಣ್ಣು ಮೇಲೆತ್ತಿ, ಮತ್ತೆ ಹೇಳಿದಳು. ಲೆಗ್ ಅನ್ನುವುದೊಂದು ಸಿಕ್ಕಿತು.

"ಸೇ ಅಗೇನ್."

"ಬಿಡೇ ಯೆಸ್ಸಮ್ಮ" ಅಂದಳು ಪಕ್ಕದ ಮಂಚದವಳು. "ದಿಂಬು ಕೇಳ್ತಿರ್ಬೇಕು. ಯೆಸ್ ಅಂದು ಹೋಗು, ಇಲ್ದಿದ್ರೆ ಕಿರುಚ್ತಾಳೆ."

ಹೆಂಗಸು ಕಿರುಚಿಯೇಬಿಟ್ಟಳು. ಇಡೀ ವಾರ್ಡು ಇತ್ತ ತಿರುಗಿತು. ಆಯಾಳ ಕಿವಿ ಬಿಸಿಯಾಯಿತು. ಆದರೂ ನಿಂತಲ್ಲಿಂದ ಕದಲಲಿಲ್ಲ. ಪ್ಲಾಸ್ಟರ್ ತೋರಿಸಿ, "ಪೇನ್?" ಅಂದಳು.

"ಬಿಫೋರ್, ಪೇನ್" ಅಂದಳು ಹೆಂಗಸು, ಈಗ ಒಂದೊಂದೇ ಮಾತು ಬಿಡಿಸಿ. "ನೌ, ನೋ. ನಥಿಂಗ್. ಐ ಫೀಲ್ ನಥಿಂಗ್."

ಮೊದಲು ನೋವಿತ್ತು, ಈಗ ಇಲ್ಲ. ಒಳ್ಳೆಯದೇ ಅಲ್ಲವೇ? ಆದರೆ ಹೆಂಗಸಿನ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಆಯಾ ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳನ್ನು ಮುಟ್ಟಿದಳು. ಮಂಜುಗಡ್ಡೆ. ಬಣ್ಣ ಸೀಸದ ಹಾಗೆ. ಹೆಬ್ಬೆರಳು ಚಿವುಟಿದಳು. ಹೆಂಗಸಿಗೆ ಗೊತ್ತೇ ಆಗಲಿಲ್ಲ.

ನರ್ಸುಗಳೆಲ್ಲ ವಾರ್ಡಿನ ಆ ತುದಿಯಲ್ಲಿ ಹೊಸ ಡಾಕ್ಟರ ಹಿಂದೆ ಸಾಲಾಗಿ ನಿಂತಿದ್ದರು. ಆ ಡಾಕ್ಟರಿಗೂ ಇಂಗ್ಲಿಷೇ ಗತಿ. ರೌಂಡ್ಸ್ ನಡುವೆ ಅವರನ್ನು ಮಾತಾಡಿಸುವ ಧೈರ್ಯ ನರ್ಸುಗಳಿಗೇ ಇರಲಿಲ್ಲ. ಆಯಾ ಸಾಲನ್ನು ಸರಿಸಿಕೊಂಡು ಎದುರಿಗೆ ಹೋದಳು.

"ಸರ್. ಲೆಗ್. ಫೀಲ್ ನಥಿಂಗ್. ಕೋಲ್ಡ್. ಕಮ್."

ಡಾಕ್ಟರು ಹುಬ್ಬು ಗಂಟಿಕ್ಕಿ, ಪಟಪಟನೆ ಏನೋ ಕೇಳಿದರು. ಮೇಟ್ರನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಯಾ ಅತ್ತ ನೋಡಲಿಲ್ಲ.

"ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಸೇ ಅಗೇನ್. ಸ್ಲೋಲಿ."

ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಡಾಕ್ಟರು ಅವಳನ್ನೇ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು: ಯಾವ ಬೆಡ್?

ಅವಳು ಉತ್ತರ ಹೇಳಲಿಲ್ಲ. ತಿರುಗಿ ಓಡಿದಳು. ಡಾಕ್ಟರು ಹಿಂದೆಯೇ ಬಂದರು. ಬೆರಳು ಒತ್ತಿ ನೋಡಿದ ಮೇಲೆ ಅವರೂ ಅವಸರದ ದನಿಯಲ್ಲಿ ನರ್ಸುಗಳಿಗೆ ಏನೋ ಹೇಳಿದರು. ಪ್ಲಾಸ್ಟರ್ ಕೊಯ್ಯುವ ಮೆಷಿನ್ನು ಕಿರ್‍ರೆಂದು ಕೂಗತೊಡಗಿತು. ಹೆಂಗಸು ಆಯಾಳ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು. ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚಿಕೊಂಡಿತು. ಬಿಗಿ ಪ್ಲಾಸ್ಟರಿನೊಳಗೆ ರಕ್ತ ಓಡದೆ ಕಾಲು ಉಬ್ಬಿ ಹೊಳೆಯುತ್ತಿತ್ತು. ಎಲ್ಲರೂ ಆ ಬೆರಳುಗಳನ್ನೇ ನೋಡುತ್ತಾ ನಿಂತರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೆಂಗಸು ಒಮ್ಮೆಗೇ ಚೀರಿದಳು. ನೋವು ವಾಪಸ್ ಬಂದಿತ್ತು. ಡಾಕ್ಟರು ಭುಜ ಇಳಿಬಿಟ್ಟು, ಗುಡ್ ಅಂದರು.

ಮೇಟ್ರನ್ ಆಯಾಳನ್ನು ಕಾರಿಡಾರಿಗೆ ಕರೆದರು.

"ನಿಮ್ಮ ಇಂಗ್ಲಿಷ್ ಇನ್ನೂ ತೀರಾ ಕೆಟ್ಟದಾಗಿದೆ" ಅಂದರು.

"ಹೌದು ಮೇಡಂ."

"ಯಾವ ಕ್ಲಾಸಿಗೆ ಹೋಗ್ತಿದ್ದೀರೋ ಅದನ್ನ ಬಿಡಬೇಡಿ. ನಾಳೆ ಬೆಳಿಗ್ಗೆ ಇದೇ ವಾರ್ಡಿಗೆ ಬನ್ನಿ."

ಮೇಟ್ರನ್ ಹೋದ ಮೇಲೆ ಆಯಾ ಮೆಟ್ಟಿಲಿನ ಕಡೆ ನಡೆದಳು. ಎರಡು ಮೆಟ್ಟಿಲು ಇಳಿದು, ಅಲ್ಲೇ ಗೋಡೆಗೆ ಒರಗಿ ಕೂತಳು. ಊಟದ ಗಾಡಿ ತಳ್ಳಿಕೊಂಡು ಬಂದ ಅಡಿಗೆಯವನು ಮೇಲಿಂದ ಬಗ್ಗಿ, "ಏನಕ್ಕಾ, ಏನಾಯ್ತು?" ಅಂದ. "ಲಾಂಡ್ರಿಗೆ ಹಾಕ್ಲಿಲ್ಲ" ಅಂದಳು. ಕೈಯಲ್ಲಿ ಮೂಡಿದ್ದ ಉಗುರಿನ ಗುರುತುಗಳನ್ನು ಉಜ್ಜಿಕೊಳ್ಳುತ್ತಾ, ಉಸಿರು ಹದಕ್ಕೆ ಬರುವವರೆಗೂ ಅಲ್ಲೇ ಕೂತಿದ್ದಳು.