ಫೋಟೋಗಾಗಿ ಬಿಚ್ಚಿಟ್ಟ ಲೈಫ್ ಜಾಕೆಟ್

ಬೇರೆಯವರು ಟ್ರಿಪ್ಪಿಗೆ ಹೋಗಿಬಂದ ಫೋಟೋವನ್ನು ಮೊಬೈಲಿನಲ್ಲಿ ನೋಡಿ ನಿಮ್ಮ ಹೊಟ್ಟೆ ಉರಿದಿದೆಯೇ? ಇಲ್ಲ ಎನ್ನುವ ಪುಣ್ಯವಂತರು ಈ ಕಥೆಯನ್ನು ಓದಬೇಕಾಗಿಲ್ಲ. ಹೌದು ಎನ್ನುವವರು ಹತ್ತಿರ ಕುಳಿತುಕೊಳ್ಳಿ.

ನನ್ನ ಹೆಸರು ಸಾವಿತ್ರಮ್ಮ. ಮಲವಗೊಪ್ಪದ ನಮ್ಮ ಮಹಿಳಾ ಸಂಘಕ್ಕೆ ಅಧ್ಯಕ್ಷೆ. ನನ್ನ ತಂಗಿ ಪುಷ್ಪಾ ಭದ್ರಾವತಿಯಲ್ಲಿದ್ದಾಳೆ, ಅವಳೂ ಅಲ್ಲಿನ ಒಂದು ಸಂಘದ ಅಧ್ಯಕ್ಷೆ. ನಾನು ಅಧ್ಯಕ್ಷೆಯಾದ ಎರಡೇ ತಿಂಗಳಿಗೆ ಅವಳೂ ಆದಳು ಎಂದರೆ ನಮ್ಮಿಬ್ಬರ ಸಂಗತಿ ನಿಮಗೆ ಅರ್ಥವಾಗಬಹುದು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಕಥೆ ಹೇಳಲು ಬರುವುದಿಲ್ಲ. ಚಿಕ್ಕವಳಿದ್ದಾಗ ಹೊಸ ಲಂಗ ಮೊದಲು ಅವಳಿಗೆ, ದೊಡ್ಡವಳಾದ ಮೇಲೆ ಒಳ್ಳೆಯ ಸಂಬಂಧ ಅವಳಿಗೆ. ನಾನು ಸ್ಕೂಟಿ ಕಲಿಯಬೇಕೆಂದು ಯೋಚಿಸುತ್ತಿರುವಾಗಲೇ ಅವಳು ಸ್ಕೂಟಿಯಲ್ಲಿ ನಮ್ಮ ಮನೆಗೆ ಬಂದು ಹಾರ್ನ್ ಹೊಡೆದಳು.

ಕಳೆದ ವರ್ಷ ನವರಾತ್ರಿ ಮುಗಿದ ವಾರ ಅವಳ ವಾಟ್ಸಾಪ್ ಸ್ಟೇಟಸ್ ನೋಡಿದೆ. ಘಟ್ಟದ ಕಡೆಯ ಯಾವುದೋ ಹೊಳೆ. ಕೆಂಪು ರಬ್ಬರ್ ದೋಣಿ. ಅದರಲ್ಲಿ ಅವಳ ಸಂಘದ ಎಂಟು ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟು ಕುಳಿತಿದ್ದಾರೆ. ಗಿಳಿಹಸಿರು, ಕೆಂಪು ಅಂಚು. ಮುಂದೆ ನನ್ನ ತಂಗಿ, ಹುಟ್ಟನ್ನು ಎತ್ತಿ ಹಿಡಿದು ನಗುತ್ತಿದ್ದಾಳೆ. ಕೆಳಗೆ ‘ಭದ್ರಾವತಿ ಹೆಣ್ಣುಮಕ್ಕಳು ಯಾರಿಗೂ ಕಮ್ಮಿ ಇಲ್ಲ’ ಎಂದು ಬರೆದಿದ್ದಳು. ಆ ‘ಯಾರಿಗೂ’ ಎನ್ನುವುದು ನನಗೇ ಎಂದು ನನಗೆ ಖಾತ್ರಿಯಾಯಿತು. ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದರೂ ನಾನು ಎದ್ದಿರಲಿಲ್ಲವಂತೆ. ಮಗಳು ಮೋನಿಕಾ ಆಮೇಲೆ ಹೇಳಿ ನಕ್ಕಳು.

ಮರುದಿನವೇ ಸವಳಂಗ ರಸ್ತೆಗೆ ಹೋದೆ. ತಂಗಿಯ ಸಂಘವನ್ನು ಕರೆದುಕೊಂಡು ಹೋಗಿದ್ದ ಟ್ರಿಪ್ ಏಜೆಂಟ್ ಆಕರ್ಷ ಎನ್ನುವವನ ಆಫೀಸು ಅಲ್ಲೇ ಒಂದು ಮೊಬೈಲ್ ಅಂಗಡಿಯ ಮೇಲಿತ್ತು. ಭದ್ರಾವತಿಯವರು ಏನೇನು ಮಾಡಿದರೋ ಅದಷ್ಟೂ ನಮಗೆ ಬೇಕು, ಮೇಲೆ ಇನ್ನೂ ಎರಡು ಜಾಸ್ತಿ ಬೇಕು ಎಂದೆ. ಅವನು ಖುಷಿಯಾಗಿ ರಾಫ್ಟಿಂಗ್, ಅಂದರೆ ಆ ರಬ್ಬರ್ ದೋಣಿ ಸವಾರಿಯ ಜೊತೆಗೆ ಹಗ್ಗಕ್ಕೆ ನೇತುಬಿದ್ದು ಕಣಿವೆ ದಾಟುವುದು, ಬೆಟ್ಟ ಹತ್ತುವುದು ಎಲ್ಲವನ್ನೂ ಸೇರಿಸಿದ. ನಾನು ಕೇಳಿದ ಪ್ರಶ್ನೆ ಒಂದೇ. ಸೀರೆ ಪೂರ್ತಿ ಕಾಣುವ ಹಾಗೆ ಫೋಟೋ ಬರುತ್ತದೆಯೇ?

“ಅದಕ್ಕೇನಂತೆ ಆಂಟಿ, ನೀರು ನಿಧಾನ ಇರೋ ಕಡೆ ಲೈಫ್ ಜಾಕೆಟ್ ತೆಗೆಸ್ತೀನಿ, ಹೆಲ್ಮೆಟ್ಟೂ ತೆಗೆಸ್ತೀನಿ. ಭದ್ರಾವತಿಯವರಿಗೂ ಹಂಗೇ ಮಾಡಿದ್ದು” ಎಂದ.

ಅವನು ನನ್ನ ವಯಸ್ಸು ಕೇಳಲಿಲ್ಲ, ಆರೋಗ್ಯ ಕೇಳಲಿಲ್ಲ, ಈಜು ಬರುತ್ತದೆಯೇ ಎಂದೂ ಕೇಳಲಿಲ್ಲ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಬಸ್ ಹತ್ತಿದೆ.

ಭಾನುವಾರ ಸಂಘದ ಸಭೆ ಕರೆದೆ. ನಮ್ಮದು ನೇರಳೆ ಬಣ್ಣದ ಸೀರೆ, ಜರಿ ಅಂಚು ಎಂದು ಮೊದಲು ತೀರ್ಮಾನವಾಯಿತು. ದಿನ ಯಾವುದು, ಊಟ ಏನು ಎನ್ನುವುದೆಲ್ಲ ಆಮೇಲೆ. ಎಲ್ಲರೂ ಚಪ್ಪಾಳೆ ಹೊಡೆದರು, ನೌರೀನ್ ಒಬ್ಬಳನ್ನು ಬಿಟ್ಟು.

ನೌರೀನ್ ನಮ್ಮ ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವಳು. ಶಿವಮೊಗ್ಗದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಮಕ್ಕಳನ್ನು ಕರೆದುಕೊಂಡು ಕ್ಯಾಂಪುಗಳಿಗೆ ಹೋಗುವವಳು, ರಾಫ್ಟಿಂಗ್ ತರಬೇತಿಯನ್ನೂ ಪಡೆದವಳು. ಅವಳು ಕೈ ಎತ್ತಿ, ಆ ಏಜೆಂಟ್ ಬಳಿ ಅನುಮತಿ ಪತ್ರ ಇದೆಯೇ, ಗೈಡ್ ತರಬೇತಿ ಪಡೆದವನೇ, ಜೊತೆಗೆ ಕಾಪಾಡುವ ಇನ್ನೊಂದು ದೋಣಿ ಬರುತ್ತದೆಯೇ ಎಂದು ಕೇಳಿದಳು. ನನಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಅಧ್ಯಕ್ಷೆಗೆ ಬಾಯಿ ಬರಲಿಲ್ಲ.

“ನೋಡು ಮಾರಾಯ್ತಿ, ನಾನು ಹೊಳೆಹೊನ್ನೂರಲ್ಲಿ ಹುಟ್ಟಿದೋಳು. ಭದ್ರಾ ಹೊಳೆ ನೀರು ಕುಡಿದು ಬೆಳೆದೋಳಿಗೆ ಹೊಳೆ ತೋರಿಸ್ತೀಯಾ?” ಎಂದೆ.

“ಹೊಳೇಲಿ ನೀವು ಬಟ್ಟೆ ಒಗ್ದಿದ್ದೀರಿ ಸಾವಿತ್ರಕ್ಕ, ಈಜಿಲ್ಲ” ಎಂದಳು ನೌರೀನ್.

ಹೆಂಗಸರು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ನಗದೆ, ಸೀರೆ ಉಟ್ಟು ರಾಫ್ಟಿಂಗ್ ಮಾಡಬಾರದು, ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಕಾಲು ಆಡಿಸಲಾರರು ಎಂದು ಬಿಡಿಸಿ ಹೇಳಿದಳು. ಲೈಫ್ ಜಾಕೆಟ್ಟನ್ನು ನೀರು ನಿಧಾನವಿದ್ದರೂ ಬಿಚ್ಚಬಾರದು, ಏಕೆಂದರೆ ನಿಧಾನದ ನೀರು ಮುಗಿದು ಬಂಡೆಗಳ ಜಾಗ ಶುರುವಾಗುವುದು ಕುಳಿತವರಿಗೆ ಕಾಣುವುದಿಲ್ಲ ಎಂದಳು. ಕೊನೆಗೆ, ಯಾರಿಗಾದರೂ ಬಿ.ಪಿ., ಉಬ್ಬಸ, ಹೃದಯದ ತೊಂದರೆ ಇದೆಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ ಎಂದು ಕೇಳಿದಳು.

ನನಗೆ ಗರ್ಭಕೋಶದ ಆಪರೇಷನ್ ಆಗಿ ಆಗಿನ್ನೂ ಎರಡು ತಿಂಗಳು. ಮನೆಯವರನ್ನು ಬಿಟ್ಟರೆ ಪುಷ್ಪಾಳಿಗೆ ಮಾತ್ರ ಗೊತ್ತಿತ್ತು. ನಾನು ತುಟಿ ಬಿಚ್ಚಲಿಲ್ಲ. ಹೇಳಿದರೆ ದೋಣಿಯಿಂದ ಇಳಿಸಿಬಿಡುತ್ತಾರೆ, ಆಮೇಲೆ ತಂಗಿಯ ಸ್ಟೇಟಸ್ಸನ್ನು ಜೀವನವಿಡೀ ನೋಡಿಕೊಂಡು ಕೂರಬೇಕು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಸಭೆ ಮುಗಿಸಿ, ಟ್ರಿಪ್ ಖಂಡಿತ ನಡೆಯುತ್ತದೆ, ಭಯ ಇರುವವರು ಮನೆಯಲ್ಲಿರಬಹುದು ಎಂದು ನೌರೀನ್ ಕಡೆ ನೋಡಿಕೊಂಡೇ ಹೇಳಿದೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ನಾನೂ ಬರೆ ಹಾಕಿಕೊಳ್ಳಲು ಹೊರಟಿದ್ದೆ.

ಅಷ್ಟಕ್ಕೆ ಸುಮ್ಮನಿರದೆ ತಂಗಿಗೆ ಫೋನ್ ಮಾಡಿದೆ. ನಾವೂ ಹೋಗುತ್ತಿದ್ದೇವೆ, ಅದೇ ಏಜೆಂಟ್, ನಿಮ್ಮದಕ್ಕಿಂತ ಜೋರು ನೀರಿನ ಜಾಗ ಕೇಳಿದ್ದೇನೆ, ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ಮೋನಿಕಾಳನ್ನು ಕೂರಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಅವಳಿಗೂ ಹೊಟ್ಟೆ ಉರಿಯಿತು ಎಂದು ನನಗೆ ತುಂಬಾ ತೃಪ್ತಿಯಾಯಿತು.

ಒಂದು ಗಂಟೆಯೊಳಗೆ ಪುಷ್ಪಾ ನಮ್ಮ ಬಾಗಿಲಲ್ಲಿದ್ದಳು. ಬಸ್ಸಿನಲ್ಲಿ ಬಂದಿದ್ದಳು. ತಲೆ ಬಾಚಿರಲಿಲ್ಲ, ಮನೆಯಲ್ಲಿ ಉಡುವ ಸೀರೆಯಲ್ಲೇ ಹೊರಟಿದ್ದಳು. ನೌರೀನ್ ಕೂಡ ಆಗ ನಮ್ಮ ಮನೆಯಲ್ಲೇ ಇದ್ದಳು, ನನ್ನನ್ನು ಒಪ್ಪಿಸುವ ಇನ್ನೊಂದು ಪ್ರಯತ್ನಕ್ಕೆ ಬಂದಿದ್ದಳು. ಕಾಫಿ ಬೇಕೇ ಎಂದರೆ ಪುಷ್ಪಾ ಬೇಡವೆಂದಳು. ಕುರ್ಚಿ ತೋರಿಸಿದರೆ ನೆಲದ ಮೇಲೆ ಕುಳಿತಳು.

“ಅಕ್ಕ, ಆ ಫೋಟೋ ತೆಗೆದ ಐದೇ ನಿಮಿಷಕ್ಕೆ ನಾನು ನೀರಿಗೆ ಬಿದ್ದೆ.”

ಮೋನಿಕಾ ಒಳಗಿನಿಂದ ಬಂದು ನಿಂತಳು. ಪುಷ್ಪಾ ತಲೆ ಎತ್ತದೆ ಹೇಳುತ್ತಾ ಹೋದಳು. ಸೀರೆ ಕಾಣಲಿ ಎಂದು ಎಲ್ಲರೂ ಲೈಫ್ ಜಾಕೆಟ್ ಬಿಚ್ಚಿ ದೋಣಿಯೊಳಗೆ ಹಾಕಿದ್ದರು. ಏಜೆಂಟ್ ದಡದ ಬಂಡೆಯ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದ, ಇನ್ನೊಂದು, ಇನ್ನೊಂದು ಎನ್ನುತ್ತಿದ್ದ. ಅಷ್ಟರಲ್ಲಿ ದೋಣಿ ತೇಲುತ್ತಾ ಹೋಗಿ ತಿರುವಿನ ಬಂಡೆಗೆ ಬಡಿಯಿತು. ಮುಂದೆ ಕುಳಿತಿದ್ದವಳು ಅವಳೇ. ನೀರಿನೊಳಗೆ ಸೀರೆ ಎರಡೂ ಕಾಲನ್ನು ಕಟ್ಟಿಹಾಕಿತು. ಮೇಲೆ ಬರಲು ಒದ್ದಷ್ಟೂ ಇನ್ನೂ ಬಿಗಿಯಾಯಿತು. ಅವಳ ಸಂಘದ ಒಬ್ಬಾಕೆ ಜಡೆ ಹಿಡಿದು ಎಳೆದದ್ದರಿಂದ ಜೀವ ಉಳಿಯಿತು.

ಈಗ ನಾಚಿಕೆಯ ಮಾತು ಹೇಳಬೇಕು. ಅದನ್ನು ಕೇಳಿದ ಕೂಡಲೇ ನನಗೆ ಒಳಗೊಳಗೇ ಸಂತೋಷವಾಯಿತು. ಅರೆಗಳಿಗೆ ಅಷ್ಟೇ, ಆದರೆ ಆಯಿತು. ಫೋಟೋದಲ್ಲಿ ಅಷ್ಟು ಮೆರೆದವಳು ಬಿದ್ದಳು ಎಂದು. ಪುಷ್ಪಾ ಆಗಲೇ ತಲೆ ಎತ್ತಿ ನನ್ನ ಮುಖ ನೋಡಿದಳು. ನಲವತ್ತು ವರ್ಷದಿಂದ ನೋಡುತ್ತಿರುವ ಮುಖ, ಅವಳಿಗೆ ತಿಳಿಯದೆ ಇರುತ್ತದೆಯೇ.

“ಇದಕ್ಕೇ ಅಕ್ಕ ನಾನು ಹೇಳದೆ ಇದ್ದಿದ್ದು. ನೀನು ಹಿಗ್ತೀಯ ಅಂತ ಗೊತ್ತಿತ್ತು. ಪರವಾಗಿಲ್ಲ, ಹಿಗ್ಗು. ಮೋನಿಕಾನ ಮಾತ್ರ ಅಲ್ಲಿಗೆ ಕರ್ಕೊಂಡು ಹೋಗ್ಬೇಡ.”

ನಾನೂ ನೆಲದ ಮೇಲೆ ಕುಳಿತೆ. ನನ್ನ ತಂಗಿ ಸಾಯುವುದರಲ್ಲಿದ್ದಳು, ನಾನು ಕಂಡದ್ದು ಆ ನಗುವ ಫೋಟೋವನ್ನು ಮಾತ್ರ. ಅದನ್ನು ನೋಡಿ ನಾನು ಅಲ್ಲಿಗೇ ಮಗಳನ್ನು ಕಳಿಸಲು ಹೊರಟಿದ್ದೆ. ನೌರೀನ್ ಎದ್ದು ಹೋಗಿ ತಾನೇ ಕಾಫಿ ಮಾಡಿಕೊಂಡು ಬಂದಳು. ಪುಷ್ಪಾ ಈ ಸಲ ಬೇಡವೆನ್ನದೆ ಕುಡಿದಳು.

ಮರುದಿನ ಆಕರ್ಷನಿಗೆ ಫೋನ್ ಮಾಡಿ ನೌರೀನ್ ಕೇಳಿದ್ದ ಪ್ರಶ್ನೆಗಳನ್ನೇ ಕೇಳಿದೆ. ಅನುಮತಿ ಪತ್ರದ ಮಾತು ಬಂದಾಗ ಸಿಗ್ನಲ್ ಸರಿ ಇಲ್ಲ ಎಂದ. ಕಾಪಾಡುವ ದೋಣಿಯ ಮಾತು ಬಂದಾಗ, “ಅಷ್ಟೆಲ್ಲ ಭಯ ಇದ್ರೆ ಪಾರ್ಕಿಗೆ ಹೋಗಿ ಆಂಟಿ” ಎಂದ. ಅವನ ಟ್ರಿಪ್ಪನ್ನು ಅಲ್ಲಿಗೇ ಕೈಬಿಟ್ಟೆವು. ಅವನ ಮೇಲೆ ಪುಷ್ಪಾಳ ಸಂಘದವರು ದೂರನ್ನೂ ಕೊಟ್ಟರು.

ಟ್ರಿಪ್ ಮಾತ್ರ ನಿಲ್ಲಲಿಲ್ಲ. ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ, ಸರಿಯಾಗಿ ಹೋಗಬೇಕು ಎಂದು ನೌರೀನ್ ಹಟ ಹಿಡಿದಳು. ಅನುಮತಿ ಇರುವ ಒಂದು ಕ್ಯಾಂಪನ್ನು ಹುಡುಕಿ, ಗೈಡ್‌ಗಳ ತರಬೇತಿ ಪತ್ರ ನೋಡಿ, ಮಳೆಗಾಲದ ನೀರು ಇಳಿದ ಮೇಲೆ ಡಿಸೆಂಬರಿನಲ್ಲಿ ದಿನ ಗೊತ್ತು ಮಾಡಿದಳು. ಎರಡೂ ಸಂಘದವರು ಒಟ್ಟಿಗೇ ಹೋದೆವು. ಎಲ್ಲರೂ ಟ್ರ್ಯಾಕ್ ಪ್ಯಾಂಟ್ ಹಾಕಿದ್ದರು. ಮೊದಲು ಒಬ್ಬರನ್ನೊಬ್ಬರು ನೋಡಿ ನಕ್ಕರು, ಆಮೇಲೆ ಮರೆತರು.

ಹೊಳೆಯ ದಡದಲ್ಲಿ ಗೈಡ್ ಒಬ್ಬೊಬ್ಬರಿಗೂ ಒಂದು ಫಾರಂ ಕೊಟ್ಟ. ಆರು ತಿಂಗಳೊಳಗೆ ಆಪರೇಷನ್ ಆಗಿದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ನನಗೆ ನಾಲ್ಕು ತಿಂಗಳಾಗಿತ್ತು. ಪೆನ್ನು ‘ಇಲ್ಲ’ ಎನ್ನುವುದರ ಮೇಲೆ ಹೋಗಿ ನಿಂತಿತು. ಪಕ್ಕದಲ್ಲಿ ಪುಷ್ಪಾ ತನ್ನ ಫಾರಂ ತುಂಬುತ್ತಿದ್ದಳು. ಅವಳು ನನ್ನ ಕಾಗದ ನೋಡಲಿಲ್ಲ, ನೋಡಬಾರದೆಂದೇ ಮುಖ ತಿರುಗಿಸಿದ್ದಳು. ಅವಳು ಬಸ್ ಹತ್ತಿ ಬಂದು ನನ್ನ ಮುಂದೆ ತನ್ನ ಮಾನ ಬಿಟ್ಟು ನಿಜ ಹೇಳಿದ್ದಳಲ್ಲ. ನಾನು ‘ಹೌದು’ ಎಂದು ಗುರುತು ಹಾಕಿ ಕೊಟ್ಟೆ.

ಗೈಡ್ ಮರ್ಯಾದೆಯಿಂದಲೇ ನನ್ನನ್ನು ಬೇಡವೆಂದ. ದೋಣಿಗಳು ಬಂದು ಮುಟ್ಟುವ ಜಾಗಕ್ಕೆ ಜೀಪಿನಲ್ಲಿ ಕಳಿಸಿದ. ಅಲ್ಲಿ ಒಂದು ಕಲ್ಲಿನ ಮೇಲೆ ಕುಳಿತೆ. ಸುಳ್ಳು ಏಕೆ ಹೇಳಲಿ, ಹೊಟ್ಟೆ ಉರಿಯಿತು. ನನ್ನ ಮಗಳು, ನನ್ನ ತಂಗಿ, ನನ್ನ ಸಂಘ, ಎಲ್ಲರೂ ಅಲ್ಲಿ. ನಾನೊಬ್ಬಳು ಇಲ್ಲಿ ನೀರಿನ ಬಾಟಲಿ ಕಾಯುತ್ತಿದ್ದೇನೆ.

ಕೊನೆಯ ತಿರುವಿನಲ್ಲಿ ಮಗಳು, ತಂಗಿ ಇದ್ದ ದೋಣಿ ಕಾಣಿಸಿತು. ಮೋನಿಕಾ ಒಂದು ಅಂಚಿನಲ್ಲಿ ಇದ್ದಳು. ನೀರು ದೋಣಿಯನ್ನು ಒಂದು ಕಡೆಗೆ ಎತ್ತಿತು, ಇಳಿಸಿತು. ಇಳಿದಾಗ ಆ ಅಂಚಿನಲ್ಲಿ ಮೋನಿಕಾ ಇರಲಿಲ್ಲ.

ನಾನು ಕಲ್ಲಿನಿಂದ ಎದ್ದು ನಿಂತೆ. ನಾನು ಉಸಿರು ಬಿಡುವುದರೊಳಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಅವಳನ್ನು ಮೇಲಕ್ಕೆ ತಂದಿತು. ದಡದಲ್ಲಿ ಹೇಳಿಕೊಟ್ಟಿದ್ದ ಹಾಗೆ ಅವಳು ನಿಲ್ಲಲು ಹೋಗದೆ, ಅಂಗಾತ ಮಲಗಿ, ಕಾಲನ್ನು ಮುಂದಕ್ಕೆ ಚಾಚಿ ತೇಲಿದಳು. ಗೈಡ್ ಹಗ್ಗ ಎಸೆದ, ಹಿಡಿದಳು. ದೋಣಿಯ ಹತ್ತಿರ ಬಂದಾಗ ಅವಳ ಜಾಕೆಟ್ಟಿನ ಎರಡೂ ಭುಜ ಹಿಡಿದು ಒಳಗೆಳೆದುಕೊಂಡದ್ದು ಪುಷ್ಪಾ. ಜಾಕೆಟ್ ಬಿಗಿಯಾಗಿದ್ದುದರಿಂದ ಕಳಚಿ ಬರಲಿಲ್ಲ, ಹುಡುಗಿಯೇ ಬಂದಳು.

ದಡಕ್ಕೆ ಬಂದ ಮೋನಿಕಾ ಇನ್ನೊಂದು ಸಲ ಹೋಗೋಣವೇ ಎಂದು ನಗುತ್ತಿದ್ದಳು. ಪುಷ್ಪಾಳ ಕೈ ಮಾತ್ರ ಅವಳ ಜಾಕೆಟ್ಟಿನ ಭುಜವನ್ನು ಇನ್ನೂ ಬಿಟ್ಟಿರಲಿಲ್ಲ. ನಾನು ಆ ಕೈ ಹಿಡಿದುಕೊಂಡೆ. ಶಿವಮೊಗ್ಗಕ್ಕೆ ಬರುವವರೆಗೂ ಬಿಡಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವೂ ಹೋಗಿ. ಹೊಳೆ, ಬೆಟ್ಟ, ಹಗ್ಗದಾಟ ಬರೀ ಹುಡುಗರಿಗೆ ಮಾತ್ರ ಅಲ್ಲ. ಆದರೆ ಹೋಗುವ ಮುಂಚೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಗೈಡ್ ಎಲ್ಲಿ ಕಲಿತಿದ್ದಾನೆ, ಕಾಪಾಡಲು ಯಾರು ಬರುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿ. ಕೇಳಿದರೆ ಸಿಟ್ಟಾಗುವವನ ಜೊತೆ ಹೋಗಲೇಬೇಡಿ. ನೀರು ಏರಿರುವಾಗ, ಕುಡಿದಿರುವಾಗ ದೋಣಿ ಹತ್ತಬೇಡಿ. ಸೀರೆ, ದುಪಟ್ಟಾ ದಡದಲ್ಲಿರಲಿ. ಲೈಫ್ ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿಯವರೆಗೆ ಬಂದರೆ ಅದು ಸಡಿಲ. ಹೆಲ್ಮೆಟ್ಟಿನ ಪಟ್ಟಿ ಹಾಕಿ. ಮೈಗೆ ಏನಾದರೂ ತೊಂದರೆ ಇದ್ದರೆ ಬಾಯಿಬಿಟ್ಟು ಹೇಳಿ.

ಹೋಗಿಬಂದವರಿಗೂ ಒಂದು ಮಾತು. ಅಲ್ಲಿ ಬಿದ್ದಿದ್ದರೆ ಬಿದ್ದೆ ಎಂದು ಹೇಳಿ. ನಿಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡು ಅದೇ ದಾರಿಯಲ್ಲಿ ಹೊರಡುವವರು ನಿಮ್ಮ ಮನೆಯಲ್ಲೇ ಇರುತ್ತಾರೆ.