ಮಾಳಿಗೆ ಏರುವ ಮುಂಚಿನ ಕೂಗು

ನಾನು ಮಾಳಿಗೆ ಏರಿದರೆ ಓಣಿ ಖಾಲಿಯಾಗುತ್ತದೆ. ಜಂಬದ ಮಾತಲ್ಲ ಇದು, ನನ್ನ ಕಸುಬಿನ ಹಣೆಬರಹ. ಶಹಾಪುರದಲ್ಲಿ ನಮ್ಮವರ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಒಂದರ ಮಾಳಿಗೆಯ, ಅಂದರೆ ಛಾವಣಿಯ, ಮೇಲೆ ನಿಂತರೆ ಹತ್ತು ಮನೆಗಳ ಅಂಗಳ ಕಾಣುತ್ತದೆ. ಅದಕ್ಕೇ ಪರಗಂಡಸು ಯಾರೇ ಮೇಲೆ ಹೋಗಲಿ, ಏಣಿಗೆ ಕಾಲಿಡುವ ಮೊದಲು "ಗೋಷಾ, ಗೋಷಾ, ಮಾಳಗಿ ಏರಾಕತ್ತೇನಿ" ಎಂದು ಮೂರು ಸಲ ಕೂಗಬೇಕು. ಹೆಂಗಸರು ಒಳಗೆ ಹೋಗುತ್ತಾರೆ. ಮೂವತ್ತೆರಡು ವರ್ಷ ಸುಣ್ಣ ಹಚ್ಚಿದ ನಾನು ಮೇಲಿಂದ ನೋಡಿದ್ದೆಲ್ಲ ಬಿಟ್ಟುಹೋದ ಅಂಗಳಗಳನ್ನೇ. ಅರ್ಧ ಹೆಚ್ಚಿದ ಉಳ್ಳಾಗಡ್ಡಿ, ಸುರಿಯುತ್ತಲೇ ಇರುವ ನಳ, ಮಗುಚಿ ಬಿದ್ದ ಒಂದು ಚಪ್ಪಲಿ.

ನನ್ನ ಹೆಸರು ಖಾಜಾಹುಸೇನ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ನನ್ನ ಮನೆಯ ಅಂಗಳವೂ ಖಾಲಿಯೇ, ಅಲ್ಲಿ ಕೂಗುವ ಕಷ್ಟವೂ ಇಲ್ಲ.

ಹೋದ ಬೇಸಿಗೆಯಲ್ಲಿ ಸರಕಾರಕ್ಕೆ ಬಡವರ ಮಾಳಿಗೆ ನೆನಪಾಯಿತು. ತಗಡಿನ ಮನೆಗಳಿಗೆ ಬಿಸಿಲನ್ನು ಬಂದ ದಾರಿಗೇ ವಾಪಸು ಕಳಿಸುವ ಬಿಳಿ ಬಣ್ಣವನ್ನು ಪುಕ್ಕಟೆ ಹಚ್ಚಿಕೊಡುವ ಯೋಜನೆ. ಒಳಗೆ ತಂಪಾದರೆ ಫ್ಯಾನು, ಕೂಲರು ಕಡಿಮೆ ತಿರುಗುತ್ತವೆ, ಉಚಿತ ಕರೆಂಟಿನ ಮಿತಿ ದಾಟಿ ಬಿಲ್ಲು ಬರುವುದು ತಪ್ಪುತ್ತದೆ ಎಂದು ಯಾದಗಿರಿಯಿಂದ ಬಂದ ಇಂಜಿನಿಯರ್ ಬಸವಂತರಾಯರು ನಮ್ಮನ್ನೆಲ್ಲ ಕೂರಿಸಿ ಒಂದು ತಾಸು ಹೇಳಿದರು. ಬಿಳಿ ಬಡಿದರೆ ಮನೆ ತಂಪು ಎಂಬುದು ನಮ್ಮಜ್ಜನಿಗೂ ಗೊತ್ತಿತ್ತು, ಅವನನ್ನು ಯಾರೂ ಇಂಜಿನಿಯರ್ ಎಂದು ಕರೆಯಲಿಲ್ಲ ಅಷ್ಟೇ. ಆದರೂ ಬಣ್ಣ ಒಳ್ಳೆಯದೇ, ಸುಳ್ಳು ಹೇಳಬಾರದು. ಹಚ್ಚಿದ ಮನೆಯಲ್ಲಿ ಮಧ್ಯಾಹ್ನ ಕೂತು ಉಣ್ಣಬಹುದು. ನನಗೆ ಜೋಡಿಯಾಗಿ ಕೊಟ್ಟದ್ದು ಬಳಿಚಕ್ರ ಊರಿನ ಹುಲಗಪ್ಪನನ್ನು. ನಲವತ್ತರ ಆಳು, ಬಾಯಿಗೆ ಬಿಡುವಿಲ್ಲ. ಮನೆಯವರ ಫೋಟೋ ತೆಗೆದು ಮೊಬೈಲಿನಿಂದ ಆಫೀಸಿಗೆ ಕಳಿಸುವುದು ಅವನ ಕೆಲಸ, ಕುಂಚ ನನ್ನದು.

ಮೇ ತಿಂಗಳಲ್ಲಿ ಸುರಪುರದ ಮನೆಗಳ ಪಟ್ಟಿ ಬಂತು. ಹುಲಗಪ್ಪ ಬಸ್ಸಿನಲ್ಲಿ ಅದನ್ನು ದೊಡ್ಡದಾಗಿ ಓದುತ್ತಾ ಕೂತ. ಹನ್ನೊಂದನೆಯ ಹೆಸರು: ಕಹಕಶಾ, ಗಂಡ ನವಾಜ್, ರಂಗಂಪೇಟೆ.

ಅವಳು ನನ್ನ ಮಗಳು. ಇರುವವಳು ಅವಳೊಬ್ಬಳೇ.

ಏಳು ವರ್ಷದ ಹಿಂದೆ ಅವಳ ಮದುವೆಯ ಊಟದಲ್ಲಿ ಬೀಗರ ಕಡೆಯ ಹಿರಿಯನೊಬ್ಬ, ಬಿರಿಯಾನಿಯಲ್ಲಿ ತುಂಡು ಹುಡುಕಲು ಕನ್ನಡಕ ಬೇಕು ಅಂದ. ಪಂಕ್ತಿಯಲ್ಲಿದ್ದವರು ನಕ್ಕರು. ಬೇರೆ ಯಾರಾದರೂ ತಾವೂ ನಕ್ಕು ಇನ್ನೊಂದಿಷ್ಟು ಬಡಿಸುತ್ತಿದ್ದರು. ನಾನು ಬಿರಿಯಾನಿ ತುಂಬಿದ ಪರಾತವನ್ನೇ ಅವನ ಮಡಿಲಿಗೆ ಮಗುಚಿದೆ. ಅಷ್ಟಕ್ಕೇ ಬಿಡಬಹುದಿತ್ತು. "ಇನ್ನ ನಿಮ್ಮ ಮನಿ ಹೊಸ್ತಿಲಾ ತುಳ್ಯಾಂಗಿಲ್ಲ, ಖುದಾನ ಕಸಮ್" ಎಂದು ಮಂದಿಯೆಲ್ಲ ಕೇಳುವಂತೆ ಆಣೆಯನ್ನೂ ಇಟ್ಟೆ. ಪರದೆಯ ಆಚೆ ಕೂತಿದ್ದ ಮಗಳಿಗೂ ಕೇಳಿಸಿತು. ಆಮೇಲೆ ಅವಳು ಎರಡು ಸಲ ಫೋನು ಮಾಡಿದಳು, ನಾನು ಎತ್ತಲಿಲ್ಲ. ತಾಯಿ ಸತ್ತಾಗ ಬಂದು ಹೆಂಗಸರ ನಡುವೆ ಕೂತು ಅತ್ತು, ನಾನು ದಫನ್ ಮುಗಿಸಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಆಣೆ ಮುರಿದರೆ ಪರಿಹಾರವಿದೆ, ಹತ್ತು ಬಡವರಿಗೆ ಊಟ ಹಾಕು ಎಂದು ಮೌಲ್ವಿ ಸಾಹೇಬರು ಹೇಳಿದ್ದರು. ನನ್ನ ಹಟ ಹತ್ತು ಜನರ ಊಟಕ್ಕೆ ಹೋಗುವಂಥದ್ದಾಗಿರಲಿಲ್ಲ. ಮಗಳು ದಿನವೂ ನೆನಪಾಗುತ್ತಿದ್ದಳು. ಯಾರಾದರೂ ಕೇಳಿದರೆ ಮಾತ್ರ, ನನಗೆ ಯಾವ ಮಗಳು ಎನ್ನುತ್ತಿದ್ದೆ.

ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ನಾನು ಆಣೆ ಇಟ್ಟದ್ದು ಹೊಸ್ತಿಲಿನ ವಿಷಯಕ್ಕೆ, ಮಾಳಿಗೆಯ ಸುದ್ದಿ ಅದರಲ್ಲಿಲ್ಲ. ಓಣಿಯ ಕಡೆಯಿಂದ ಏಣಿ ಹಚ್ಚಿದರೆ ಹೊಸ್ತಿಲು ಸೋಕುವುದೇ ಇಲ್ಲ. ಇನ್ನೊಂದು ಮಾತೂ ಹೊಳೆಯಿತು. ಗೋಷಾ ಇರುವುದು ಪರಗಂಡಸಿಗೆ, ಹಡೆದ ಅಪ್ಪನಿಗೆ ಮಗಳು ಮರೆಯಾಗಬೇಕಿಲ್ಲ. ನಾನು ಕೂಗಿದರೆ ಓಣಿಯ ಹೆಂಗಸರೆಲ್ಲ ಒಳಗೆ ಹೋಗುತ್ತಾರೆ. ಕಹಕಶಾಗೆ ಮಾತ್ರ ನನ್ನ ದನಿಯ ಗುರುತಿದೆ. ಚಿಕ್ಕವಳಿದ್ದಾಗ ಬುತ್ತಿ ತರುವಾಗ ನಾನು ಯಾವ ಓಣಿಯಲ್ಲಿದ್ದೇನೆಂದು ಯಾರನ್ನೂ ಕೇಳುತ್ತಿರಲಿಲ್ಲ, ಕೂಗು ಹಿಡಿದೇ ಬಂದುಬಿಡುತ್ತಿದ್ದಳು. ಈಗಲೂ ನನ್ನ ಕೂಗು ಕೇಳಿ ಅಂಗಳದಲ್ಲೇ ನಿಂತರೆ, ನಾನು ಅವಳ ಅಪ್ಪ. ಒಳಗೆ ಹೋದರೆ ಪರಗಂಡಸು, ಅಲ್ಲಿಗೆ ಮುಗಿಯಿತು.

ಮೂರನೆಯ ದಿನ ಬೆಳಿಗ್ಗೆ ಅವಳ ಮನೆ ಬಂತು. ಹಸಿರು ಬಾಗಿಲು, ಮೇಲೆ ತುಕ್ಕು ಹಿಡಿದ ತಗಡು. ಹಿಂದಿನ ಅಂಗಳದಿಂದ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು. ಹುಲಗಪ್ಪ ಏಣಿ ಆನಿಸಿದ.

"ಕೂಗ್ರಿ ಚಾಚಾ."

ಬಾಯಿ ತೆರೆದೆ. ಅವಳು ಒಳಗೆ ಹೋಗಿಬಿಟ್ಟರೆ ಏನು ಮಾಡಲಿ ಎಂಬ ಒಂದೇ ಭಯ ಎದೆಗೆ ಬಂದು ಕೂತಿತು. ಅಪ್ಪನೆಂದು ತಿಳಿದೂ ಮರೆಯಾದಳು ಎಂಬುದನ್ನು ಇಟ್ಟುಕೊಂಡು ಉಳಿದ ದಿನ ಕಳೆಯುವ ಧೈರ್ಯ ನನಗಿರಲಿಲ್ಲ.

"ಗಂಟಲಾ ಕಟ್ಟೇದ. ಇವತ್ತ ನೀನೇ ಕೂಗು" ಅಂದೆ.

"ಈಗರೆ ಬಸ್‌ಸ್ಟ್ಯಾಂಡಿನ್ಯಾಗ ಕಂಡಕ್ಟರಗ ಬೈದ್ರಲ್ಲ, ಇದೇ ಗಂಟಲಿಲೆ?"

"ಕೂಗಂದ್ರ ಕೂಗೋ. ವಕೀಲಕಿ ಮಾಡಬ್ಯಾಡ."

ಹುಲಗಪ್ಪ ಕೂಗಿದ. ಒಳ್ಳೆಯ ದನಿ, ಕುರಿ ಕಾದವನ ದನಿ. ಒಗೆಯುವ ಸಪ್ಪಳ ನಿಂತಿತು. ಎರಡನೆಯ ಕೂಗಿಗೂ ಏನೂ ಸದ್ದಿಲ್ಲ. ಮೂರನೆಯದಕ್ಕೆ ಒಳಬಾಗಿಲು ಮುಚ್ಚಿಕೊಂಡಿತು. ನಾನು ಏಣಿ ಏರಿದೆ.

ಮೇಲಿಂದ ನೋಡಿದರೆ ಅದೇ ಖಾಲಿ ಅಂಗಳ. ಕಲ್ಲಿನ ಮೇಲೆ ಒದ್ದೆ ಬಟ್ಟೆಯ ಗುಡ್ಡೆ, ನೊರೆ ತುಂಬಿದ ಬಕೆಟ್ಟು. ಹಗ್ಗದ ಮೇಲೆ ನವಾಜನ ಅಂಗಿ, ಪಕ್ಕದಲ್ಲಿ ಒಂದು ಸಣ್ಣ ಫ್ರಾಕು. ಎರಡೋ ಮೂರೋ ವರ್ಷದ ಹುಡುಗಿಯದು ಇರಬೇಕು. ನನಗೊಬ್ಬ ಮೊಮ್ಮಗಳಿದ್ದಾಳೆ ಎಂದು ನನಗೆ ತಿಳಿದದ್ದು ಹೀಗೆ, ಹಗ್ಗದ ಮೇಲಿನ ಬಟ್ಟೆ ನೋಡಿ.

ನಿಧಾನ ಹಚ್ಚಿದೆ. ಒಂದು ಕೈ ಬಣ್ಣ ಸಾಕಿದ್ದಲ್ಲಿ ಎರಡು ಕೈ ಎಳೆದೆ. ತಗಡಿನ ಕೆಳಗೆ ಅವಳು ಕೆಮ್ಮಿದಳು, ಕೊಡದಿಂದ ನೀರು ಬಗ್ಗಿಸಿಕೊಂಡಳು. ಆ ಕೆಂಡದಂಥ ಕೋಣೆಯಲ್ಲಿ, ನಾನು ಇಳಿಯಲೆಂದು ಕಾಯುತ್ತಾ ಕೂತಿದ್ದಳು. ನನಗೂ ಅವಳಿಗೂ ನಡುವೆ ಇದ್ದದ್ದು ಒಂದು ತಗಡು. ಕಹಕಶಾ ಎಂದರೆ ಸಾಕಿತ್ತು. ಕುಂಚ ನಿಲ್ಲಿಸಿ ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಪರಾತ ಮಗುಚುವಾಗ ಬಂದ ಸಿಟ್ಟಿನ ಅರ್ಧದಷ್ಟು ಧೈರ್ಯ ಆಗ ಬಂದಿದ್ದರೂ ಸಾಕಾಗಿತ್ತು, ಬರಲಿಲ್ಲ.

ಕೆಲಸ ಮುಗಿಯಿತು. ಹುಲಗಪ್ಪ ಬಾಗಿಲ ಮುಂದೆ ನಿಂತು ಕರೆದ. "ಅಕ್ಕಾರ, ಫೋಟೋ ಆಗಬೇಕ್ರಿ. ಒಂದೀಟು ಹೊರಗ ಬರ್ರಿ."

"ಬುರ್ಖಾ ಹಾಕ್ಕೊಂಡು ಬರ್ತೇನಿ ಅಣ್ಣಾ. ಮ್ಯಾಲಿನವರಿಗೆ ಇಳೀ ಅನ್ರಿ, ಅಂಗಳದಾಗ ನನ್ನ ಅರಿವಿ ಹಂಗ ಬಿದ್ದಾವು."

ಏಳು ವರ್ಷದ ಮೇಲೆ ಕೇಳಿದ ದನಿ ಅದು. ಮೇಲಿನವರು ಅಂದರೆ ನಾನು. ಇಳಿದೆ, ತಲೆಗೆ ಸುತ್ತಿದ ಟವೆಲನ್ನು ಮುಖಕ್ಕೆ ಎಳೆದುಕೊಂಡು ಓಣಿಯ ಮೂಲೆಯ ಕಿರಾಣಿ ಅಂಗಡಿಯ ಮರೆಗೆ ಹೋಗಿ ನಿಂತೆ. ನನ್ನ ಮಗಳಿಗೆ ಮರೆಯಾಗಿ ನಿಂತವನು ನಾನೇ.

ಸ್ವಲ್ಪ ಹೊತ್ತಿಗೆ ಹುಲಗಪ್ಪ ಏಣಿ ಹೊತ್ತುಕೊಂಡು ಬಂದ, ಮಾತನ್ನೂ ಹೊತ್ತುಕೊಂಡು ಬಂದ.

"ಶಹಾಪುರದಿಂದ ಬಂದೀರೇನು ಅಂತ ಕೇಳಿದ್ಲು ಚಾಚಾ ಆಕಿ. ಹೌದಂದೆ. ನಮ್ಮ ಅಬ್ಬಾನೂ ಅಲ್ಲೇ ಇದೇ ಕೆಲಸಾ ಮಾಡ್ತಾನ ಅಂದ್ಲು. ನಾ ಕೂಗಿದಾಗ ಒಗ್ಯಾಣ ಬಿಟ್ಟು ನಿಂತಿದ್ಲಂತ, ಅಬ್ಬಾನ ದನಿ ಏನೋ ಅಂತ. ಎರಡನೇ ಸರ್ತಿನೂ ನಿಂತು ಕೇಳಿದ್ಲಂತ. ಅಲ್ಲ ಅಂತ ಗೊತ್ತಾದ ಮ್ಯಾಲ ಒಳಗ ಹೋದ್ಲಂತ."

"ಮತ್ತ?"

"ಅಂವಾ ಕೂಗಿದ್ರ ನಾ ಒಳಗ ಹೋಗೂ ಕೆಲಸಾನ ಇದ್ದಿದ್ದಿಲ್ಲ ಅಂದ್ಲು."

"ಮ್ಯಾಲಿದ್ದಾಂವ ಯಾರಂತ ಹೇಳಿದೇನು?"

"ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ. ಯಾಕ್ರಿ?"

"ನೀ ಮುಂದಿನ ಮನಿಗೆ ನಡಿ" ಅಂದೆ. ಅವನು ಗೊಣಗುತ್ತಾ ಏಣಿ ಹೊತ್ತು ಆಚೆ ಓಣಿಗೆ ತಿರುಗಿದ.

ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಎರಡು ಕೂಗಿನ ತನಕ ಅವಳು ನಿಂತಿದ್ದಳು. ಆಣೆ ಹೊಸ್ತಿಲಿಗೆ ಇತ್ತು, ದನಿಗೆ ಇರಲಿಲ್ಲ. ದನಿಯನ್ನು ಕಟ್ಟಿಹಾಕಿದವನು ನಾನು. ಅಂಗಡಿಯವ ಏನು ಬೇಕು ಎಂದು ಕೇಳಿದ. ಏನೂ ಬೇಡವೆಂದು ಎದ್ದೆ.

ಹಸಿರು ಬಾಗಿಲು ಮುಚ್ಚಿತ್ತು. ಹೆಂಗಸರು ಮತ್ತೆ ಹೊರಗೆ ಬಂದಿದ್ದರು, ಒಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಇಬ್ಬರು ನಳದ ಹತ್ತಿರ ಮಾತಿಗೆ ನಿಂತಿದ್ದರು. ಬಾಗಿಲು ತಟ್ಟಬೇಕೆಂದರೆ ಹೊಸ್ತಿಲಿನ ಮುಂದೆ ನಿಲ್ಲಬೇಕು, ಆಣೆ ಇಟ್ಟ ಹೊಸ್ತಿಲು ಅದು. ಹೆಸರು ಹಿಡಿದು ಕರೆಯೋಣವೆಂದರೆ ಏಳು ವರ್ಷ ಕರೆಯದ ಹೆಸರು ನಾಲಿಗೆಗೆ ಬರಲಿಲ್ಲ. ನನಗೆ ಬರುವ ಕೂಗು ಒಂದೇ.

"ಗೋಷಾ, ಗೋಷಾ, ಮಾಳಗಿ ಏರಾಕತ್ತೇನಿ."

ಜೋಳದ ಮೊರ ಹಿಡಿದವಳು ಸೆರಗು ಎಳೆದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏಣಿ ಎಲ್ಲದ ಮುದುಕಾ? ಬಿಸಲಾ ನೆತ್ತಿಗೇರೇದೇನು?" ಎಂದು ಬೈಯುತ್ತಲೇ ಎದ್ದಳು. ಎರಡನೆಯ ಸಲ ಕೂಗಿದೆ. ನಳದ ಹತ್ತಿರದವರು ಕೊಡ ಅಲ್ಲೇ ಬಿಟ್ಟು ಹೋದರು. ಮೂರನೆಯ ಸಲ ದನಿ ನಡುವೆಯೇ ಒಡೆಯಿತು. ಓಣಿಯ ಉದ್ದಕ್ಕೂ ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಕೈಯಲ್ಲಿ ಕುಂಚವಿಲ್ಲ, ಬಕೆಟ್ಟಿಲ್ಲ, ಖಾಲಿ ಓಣಿಯ ನಡುವೆ ನಾನೊಬ್ಬನೇ ನಿಂತಿದ್ದೆ.

ಆಮೇಲೆ ಹಸಿರು ಬಾಗಿಲು ತೆರೆಯಿತು. ಮೈಮೇಲೆ ಬುರ್ಖಾ ಇಲ್ಲದೆ, ತಲೆಯ ಮೇಲೆ ಓಢಣಿಯೂ ಇಲ್ಲದೆ, ಒದ್ದೆ ಕೈ ಒರೆಸಿಕೊಳ್ಳುತ್ತಾ ಕಹಕಶಾ ಹೊಸ್ತಿಲು ದಾಟಿ ಓಣಿಗೆ ಬಂದಳು.